ಮೊದಲಿನಂತಾದರೇ? ಮಿದುಳಿನ ಗಾಯದ ನಂತರದ ಕ್ರಿಯಾತ್ಮಕ ಚೇತರಿಕೆಯ ಮಾಪನ ಮತ್ತು ಗಡಿನಾಡಿನ ಬಹುಭಾಷಿಕ ರೋಗಿ

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದವರ ಬಗ್ಗೆ ಮನೆಯವರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ ‘ಉಳಿಯುತ್ತಾರೆಯೇ’ ಎಂಬುದು. ಕೆಲವು ವಾರಗಳ ಬಳಿಕ ಅದೇ ಪ್ರಶ್ನೆ ‘ಮೊದಲಿನಂತಾಗುತ್ತಾರೆಯೇ’ ಎಂದು ಬದಲಾಗುತ್ತದೆ. ಮೊದಲನೆಯದಕ್ಕೆ ಉತ್ತರ ಕೊಡುವುದು ಶಸ್ತ್ರಚಿಕಿತ್ಸೆ ಮತ್ತು ತೀವ್ರ ನಿಗಾ ಘಟಕದ ಕೆಲಸ. ಎರಡನೆಯದಕ್ಕೆ ಉತ್ತರಿಸಲು ಪುನಶ್ಚೇತನ ವೈದ್ಯವಿಜ್ಞಾನವು ಕಳೆದ ಐವತ್ತು ವರ್ಷಗಳಲ್ಲಿ ಹಲವು ಅಳತೆಗೋಲುಗಳನ್ನು ರೂಪಿಸಿಕೊಂಡಿದೆ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ, ಒಂದೇ ಭಾಷೆಯಾಡುವ ರೋಗಿಯನ್ನು ಮುಂದಿಟ್ಟುಕೊಂಡು ಸಿದ್ಧವಾದವು. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡುವ ಗಡಿನಾಡಿನ ವ್ಯಕ್ತಿಯ ಮೇಲೆ ಅವನ್ನು ಪ್ರಯೋಗಿಸಿದಾಗ ಬರುವ ಅಂಕ ಯಾವುದರ ಅಂಕ? ಗಾಯದ್ದೇ, ಭಾಷೆಯದ್ದೇ, ಪರೀಕ್ಷಕರ ಅಜ್ಞಾನದ್ದೇ? ಪ್ರಸ್ತುತ ಲೇಖನದ ವಿಷಯ ಇದು. ಪರೀಕ್ಷೆ ಯಾವ ಭಾಷೆಯಲ್ಲಿ, ಯಾರ ಮೂಲಕ ನಡೆಯಿತೆಂಬುದು ಅಂಕದ ಪಕ್ಕದಲ್ಲೇ ದಾಖಲಾಗದಿದ್ದರೆ ಆ ಅಂಕ ಅಪೂರ್ಣವೆಂಬುದು ನನ್ನ ನಿಲುವು.

ಮಿದುಳಿನ ಗಾಯಕ್ಕೆಂದೇ ರೂಪುಗೊಂಡ ಮಾಪಕಗಳಲ್ಲಿ ಅತಿ ಪ್ರಸಿದ್ಧವಾದುದು ಗ್ಲಾಸ್ಗೋ ಕೋಮಾ ಮಾಪಕ. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಇದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6. ಒಟ್ಟು 3ರಿಂದ 15. ಹದಿಮೂರು ಮತ್ತು ಅದಕ್ಕಿಂತ ಹೆಚ್ಚಾದರೆ ಲಘು ಗಾಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆಯಾದರೆ ತೀವ್ರ. ಇದು ಅಳೆಯುವುದು ಪ್ರಜ್ಞೆಯ ಮಟ್ಟವನ್ನು, ಚೇತರಿಕೆಯನ್ನಲ್ಲ. ಆದರೂ ಮುಂದಿನ ಎಲ್ಲ ಅಳತೆಗಳಿಗೂ ಆರಂಭದ ಗುರುತು ಇದೇ. ಮಾತಿನ ವಿಭಾಗದಲ್ಲಿ ಸ್ಥಳ ಕಾಲಗಳ ಅರಿವಿನಿಂದ ಉತ್ತರಿಸಿದರೆ 5, ಗೊಂದಲದ ಮಾತಿಗೆ 4, ಸಂಬಂಧವಿಲ್ಲದ ಪದಗಳಿಗೆ 3, ಅರ್ಥವಾಗದ ಧ್ವನಿಗೆ 2. ‘ಅರ್ಥವಾಗದ’ ಎಂಬುದು ಯಾರಿಗೆ ಅರ್ಥವಾಗದ? ತಾಳವಾಡಿಯಿಂದ ಕೊಯಮತ್ತೂರಿಗೆ ಒಯ್ದ ವೃದ್ಧರೊಬ್ಬರು ನಡುರಾತ್ರಿ ಕನ್ನಡದಲ್ಲಿ ತಮ್ಮ ಎತ್ತಿನ ಬಗ್ಗೆ ಸರಿಯಾಗಿಯೇ ವಿಚಾರಿಸುತ್ತಿದ್ದಾರೆಂದು ಊಹಿಸಿಕೊಳ್ಳೋಣ. ಆ ಹೊತ್ತಿನ ದಾದಿಗೆ ಕನ್ನಡ ಬಾರದಿದ್ದರೆ 14 ಬರಬೇಕಾದಲ್ಲಿ 11 ಬರೆಯಲ್ಪಡುವುದು ಅಸಂಭವವಲ್ಲ. ಮೂರು ಅಂಕಗಳ ಈ ವ್ಯತ್ಯಾಸದಲ್ಲಿ ಲಘು ಗಾಯ ಮಧ್ಯಮ ಗಾಯವಾಗಿಬಿಡುತ್ತದೆ.

ಮರುವರ್ಷ, 1975ರಲ್ಲಿ, ಜೆನೆಟ್ ಮತ್ತು ಮೈಕೆಲ್ ಬಾಂಡ್ ಗ್ಲಾಸ್ಗೋ ಫಲಿತಾಂಶ ಮಾಪಕವನ್ನು ಮುಂದಿಟ್ಟರು. ಮರಣ, ಜಡಸ್ಥಿತಿ, ತೀವ್ರ ಅಸಾಮರ್ಥ್ಯ, ಮಧ್ಯಮ ಅಸಾಮರ್ಥ್ಯ, ಉತ್ತಮ ಚೇತರಿಕೆ ಎಂಬ ಐದೇ ವರ್ಗಗಳು. ಇಷ್ಟು ಸ್ಥೂಲವಾದುದು ಸಾಲದೆಂದು ನಂತರ ಎಂಟು ವರ್ಗಗಳಿಗೆ ವಿಸ್ತರಿಸಿದರು. 1998ರಲ್ಲಿ ಅದಕ್ಕೊಂದು ನಿಗದಿತ ಸಂದರ್ಶನ ರೂಪವೂ ಬಂತು. ಸಂದರ್ಶನದ ಪ್ರಶ್ನೆಗಳು ಸರಳವಾಗಿವೆ, ಸರಳತೆಯಲ್ಲೇ ತೊಡಕೂ ಇದೆ. ರೋಗಿಯನ್ನು ಎಂಟು ಗಂಟೆ ಕಾಲ ಮನೆಯಲ್ಲಿ ಒಬ್ಬರನ್ನೇ ಬಿಡಬಹುದೇ? ಸಹಾಯವಿಲ್ಲದೆ ಅಂಗಡಿಗೆ ಹೋಗಿ ಸಾಮಾನು ತರಬಲ್ಲರೇ? ಊರೊಳಗೆ ಒಬ್ಬರೇ ಓಡಾಡಬಲ್ಲರೇ? ಗಾಯಕ್ಕೆ ಮೊದಲು ಹೇಗಿತ್ತೆಂಬುದನ್ನೂ ಕೇಳಬೇಕೆಂಬ ವಿವೇಕ ಈ ಸಂದರ್ಶನದಲ್ಲಿದೆ. ಆದರೆ ಹಗಲಿರುಳು ಯಾರಾದರೊಬ್ಬರು ಇದ್ದೇ ಇರುವ ಕೂಡುಕುಟುಂಬದಲ್ಲಿ ‘ಎಂಟು ಗಂಟೆ ಒಬ್ಬರೇ’ ಎಂಬ ಸಂದರ್ಭವೇ ಹುಟ್ಟುವುದಿಲ್ಲ. ಆಗ ಮನೆಯವರ ಉತ್ತರ ಕಂಡದ್ದರ ವರದಿಯಾಗಿರದೆ ಅವರ ಊಹೆಯಾಗಿರುತ್ತದೆ.

ಪುನಶ್ಚೇತನ ಕೇಂದ್ರಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಫಂಕ್ಷನಲ್ ಇಂಡಿಪೆಂಡೆನ್ಸ್ ಮೆಷರ್, ಅಂದರೆ ಕ್ರಿಯಾತ್ಮಕ ಸ್ವಾವಲಂಬನೆಯ ಮಾಪಕ. ಇದರಲ್ಲಿ ಹದಿನೆಂಟು ಅಂಶಗಳಿವೆ. ಊಟ, ಮುಖಮಾರ್ಜನ, ಸ್ನಾನ, ಉಡುಪು, ಶೌಚ, ಮಲಮೂತ್ರ ನಿಯಂತ್ರಣ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ಹದಿಮೂರು ಚಲನಾಂಶಗಳು. ಗ್ರಹಿಕೆ, ಅಭಿವ್ಯಕ್ತಿ, ಸಾಮಾಜಿಕ ವರ್ತನೆ, ಸಮಸ್ಯೆ ಬಿಡಿಸುವುದು, ನೆನಪು ಎಂಬ ಐದು ಅರಿವಿನ ಅಂಶಗಳು. ಪ್ರತಿಯೊಂದಕ್ಕೂ 1ರಿಂದ 7. ಕೆಲಸದ ಕಾಲು ಭಾಗವನ್ನೂ ತಾವಾಗಿ ಮಾಡಲಾರದವರಿಗೆ 1. ಮುಕ್ಕಾಲು ಭಾಗ ಮಾಡಿದರೆ 4. ಪಕ್ಕದಲ್ಲಿ ನಿಂತು ನೋಡಿಕೊಳ್ಳುವವರು ಬೇಕಾದರೆ 5. ಊರುಗೋಲೋ ಹೆಚ್ಚು ಸಮಯವೋ ಬೇಕಾದರೆ 6. ಏನೂ ಬೇಡವಾದರೆ 7. ಒಟ್ಟು 18ರಿಂದ 126. ಇದರ ಗುಣವೆಂದರೆ ರೋಗಿ ಏನು ಮಾಡಬಹುದಿತ್ತೆಂಬುದನ್ನು ಬಿಟ್ಟು ದಿನನಿತ್ಯ ಏನು ಮಾಡುತ್ತಿದ್ದಾರೆಂಬುದನ್ನು ನೋಡುವುದು. ಇನ್ನೊಂದು ರೀತಿಯಲ್ಲಿ ಹೇಳಿದರೆ, ಇದು ಅಳೆಯುವುದು ಆರೈಕೆ ಮಾಡುವವರ ಮೇಲೆ ಬೀಳುವ ಭಾರವನ್ನು. ದುಡ್ಡಿನ ಲೆಕ್ಕಕ್ಕೆ ಅನುಕೂಲವೆಂದೇ ಇದು ಬೇಗ ಹರಡಿತು. ಅಮೆರಿಕದ ಮೆಡಿಕೇರ್ 2019ರ ಅಕ್ಟೋಬರಿನಿಂದ ಒಳರೋಗಿ ಪುನಶ್ಚೇತನ ಕೇಂದ್ರಗಳಿಗೆ ಹಣ ಪಾವತಿಸುವ ಲೆಕ್ಕದಿಂದ ಇದನ್ನು ಕೈಬಿಟ್ಟಿತು.

ಈ ಮಾಪಕದ ಮನೆ ನಮ್ಮ ಮನೆಯಲ್ಲ. ಅದರಲ್ಲಿ ಸ್ನಾನವೆಂದರೆ ತೊಟ್ಟಿಗೋ ಶವರಿಗೋ ಸರಿದು ಮಾಡುವ ಸ್ನಾನ. ಇಲ್ಲಿ ಬಕೆಟ್ಟಿನಿಂದ ಚೊಂಬಿನಲ್ಲಿ ನೀರೆತ್ತಿ ಸುರಿದುಕೊಳ್ಳುವುದು. ಅಲ್ಲಿ ಶೌಚಕ್ಕೆ ಕುಳಿತುಕೊಳ್ಳುವ ಆಸನ. ಇಲ್ಲಿ ಕುಕ್ಕರಗಾಲಿನಲ್ಲಿ ಕುಳಿತೇಳುವುದು. ಸಮತೋಲ ತಪ್ಪಿದ ರೋಗಿಗೆ ಕುಕ್ಕರುಗಾಲು ಬಹಳ ಕಠಿಣವಾದ ಕೆಲಸ. ಆಸ್ಪತ್ರೆಯಲ್ಲಿ 6 ಪಡೆದವರು ಜತ್ತ ತಾಲ್ಲೂಕಿನ ಹಳ್ಳಿಗೆ ಮರಳಿದ ದಿನ 3ಕ್ಕೆ ಇಳಿಯಬಹುದು. ಅವರ ಮಿದುಳು ಆ ರಾತ್ರಿ ಹಿಂದೆ ಸರಿದಿರುವುದಿಲ್ಲ.

ಅಂಕಗಣಿತದ ಒಂದು ತೊಡಕನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಸಂಶೋಧನಾ ಪ್ರಬಂಧಗಳಲ್ಲಿ ಇದನ್ನು ಮರೆಯುವುದು ವಾಡಿಕೆಯಾಗಿದೆ. 1ರಿಂದ 7ರ ಈ ಅಂಕಗಳು ಕ್ರಮವನ್ನು ಸೂಚಿಸುತ್ತವೆಯೇ ಹೊರತು ಸಮಾನ ಅಂತರವನ್ನಲ್ಲ. ಓಟದಲ್ಲಿ ಮೊದಲನೆಯವರಿಗೂ ಎರಡನೆಯವರಿಗೂ ನಡುವಿನ ದೂರ, ಎರಡನೆಯವರಿಗೂ ಮೂರನೆಯವರಿಗೂ ನಡುವಿನ ದೂರದಷ್ಟೇ ಇರಬೇಕೆಂದಿಲ್ಲ. ಊಟದಲ್ಲಿ 1ರಿಂದ 2ಕ್ಕೆ ಏರುವುದೂ ಮೆಟ್ಟಿಲಿನಲ್ಲಿ 6ರಿಂದ 7ಕ್ಕೆ ಏರುವುದೂ ಒಂದೇ ಎಂಬಂತೆ ಕೂಡಿಸಿ, ‘ಸರಾಸರಿ ಇಪ್ಪತ್ತು ಅಂಕಗಳ ಸುಧಾರಣೆ’ ಎಂದು ಬರೆದರೆ ಆ ಇಪ್ಪತ್ತಕ್ಕೆ ನಿಶ್ಚಿತ ಅರ್ಥವಿಲ್ಲ. ಮರ್ಬಿಟ್ಜ್ ಮತ್ತು ಸಂಗಡಿಗರು 1989ರಲ್ಲಿಯೇ ಈ ಎಚ್ಚರಿಕೆ ನೀಡಿದ್ದರು. ಡೆನ್ಮಾರ್ಕಿನ ಗಣಿತಜ್ಞ ಗೇಯಾರ್ಗ್ ರಾಶ್ ಅವರ ಮಾದರಿಯನ್ನು ಬಳಸಿ 1994ರಲ್ಲಿ ಈ ಮಾಪಕವನ್ನು ವಿಶ್ಲೇಷಿಸಿದಾಗ ಹದಿನೆಂಟು ಅಂಶಗಳು ಒಂದೇ ಗುಣವನ್ನು ಅಳೆಯುತ್ತಿಲ್ಲ, ಚಲನೆಯದೊಂದು ಅರಿವಿನದೊಂದು ಹೀಗೆ ಎರಡು ಅಳತೆಗಳು ಒಳಗಿವೆ ಎಂಬುದು ಕಂಡುಬಂತು. 126ಕ್ಕೆ 110 ಎಂಬ ಒಟ್ಟು ಅಂಕದಲ್ಲಿ ಕೈಕಾಲು ಸರಿಯಾಗಿ ಬುದ್ಧಿ ಕುಂಠಿತವಾದವರೂ ಬುದ್ಧಿ ನೆಟ್ಟಗಿದ್ದು ಕಾಲು ಬಾರದವರೂ ಒಟ್ಟಿಗೆ ಅಡಗಿರಬಹುದು. ಮಿದುಳಿನ ಗಾಯದಲ್ಲಿ ಮೊದಲ ಬಗೆಯವರದೇ ದೊಡ್ಡ ಸಮಸ್ಯೆ. ನಡೆಯುತ್ತಾರೆ, ಉಣ್ಣುತ್ತಾರೆ, ಅಂಕ ಬಹುತೇಕ ತುಂಬಿಬಿಟ್ಟಿದೆ. ಆದರೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಿಲ್ಲ, ಸಿಟ್ಟು ತಡೆಯಲಾಗುವುದಿಲ್ಲ, ಬೆಳಿಗ್ಗೆ ಎದ್ದು ಕೆಲಸಕ್ಕೆ ತೊಡಗಲು ತೋಚುವುದಿಲ್ಲ.

ಈ ಕೊರತೆಯನ್ನು ತುಂಬಲು ಇನ್ನೂ ಹನ್ನೆರಡು ಅಂಶಗಳನ್ನು ಸೇರಿಸಿದ ವಿಸ್ತೃತ ರೂಪವೊಂದು ಬಳಕೆಯಲ್ಲಿದೆ. ನುಂಗುವಿಕೆ, ವಾಹನ ಹತ್ತಿಳಿಯುವುದು, ಓದು, ಬರೆಹ, ಉಚ್ಚಾರದ ಸ್ಪಷ್ಟತೆ, ಭಾವಸ್ಥಿತಿ, ಉದ್ಯೋಗಾರ್ಹತೆ, ಗಮನ, ಅಪಾಯದ ಅರಿವು ಮುಂತಾದವು ಅದರಲ್ಲಿವೆ. ಅರಿವಿನ ಕಡೆಗೆ ಹೊರಳಿದಷ್ಟೂ ಭಾಷೆಯ ಪಾಲು ಹೆಚ್ಚುತ್ತದೆ. ಓದನ್ನೇ ತೆಗೆದುಕೊಳ್ಳೋಣ. ಮಡಕಶಿರಾ, ರಾಯದುರ್ಗದ ಕಡೆ ಮನೆಯಲ್ಲಿ ಕನ್ನಡವಾಡಿ ತೆಲುಗು ಮಾಧ್ಯಮದಲ್ಲಿ ಓದಿದವರು ಬಹಳ ಮಂದಿ. ಅಂಥವರು ಬೆಂಗಳೂರಿನ ಆಸ್ಪತ್ರೆಗೆ ಬಂದು ಸೊಗಸಾದ ಕನ್ನಡದಲ್ಲಿ ಮಾತಾಡಿದರೆ ಪರೀಕ್ಷಕರು ಕನ್ನಡದ ಓದುಪಟ್ಟಿಯನ್ನು ಮುಂದಿಡುವುದು ಸಹಜ. ರೋಗಿ ತಡವರಿಸುತ್ತಾರೆ. ಎರಡು ಲಿಪಿಗಳಿಗೂ ನಿಕಟ ಹೋಲಿಕೆಯಿರುವುದರಿಂದ ಪೂರ್ತಿ ಸೋಲುವುದೂ ಇಲ್ಲ, ತಪ್ಪು ತಪ್ಪಾಗಿ ಓದುತ್ತಾರೆ. ಗಾಯದಿಂದ ಬಂದ ಓದಿನ ದೋಷ ಹೇಗೆ ಕಾಣುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ‘ನೀವು ಯಾವ ಲಿಪಿಯಲ್ಲಿ ಕಲಿತಿರಿ’ ಎಂಬ ಒಂದು ಪ್ರಶ್ನೆ ಈ ತಪ್ಪನ್ನು ತಪ್ಪಿಸುತ್ತದೆ. ಅದನ್ನು ಕೇಳಲು ಮಾಪಕ ನೆನಪಿಸುವುದಿಲ್ಲ.

ಗಾಯದ ನಂತರದ ವಿಸ್ಮೃತಿಯ ಮಾಪನದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾಗಿದೆ. ಪ್ರಜ್ಞೆ ಮರಳಿದ ಮೇಲೂ ಕೆಲವು ಕಾಲ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲದ ಸ್ಥಿತಿ ಇದು. ಇದು ಎಷ್ಟು ಕಾಲ ಇತ್ತೆಂಬುದರ ಮೇಲೆ ಗಾಯದ ತೀವ್ರತೆಯನ್ನೂ ಮುಂದಿನ ಚೇತರಿಕೆಯನ್ನೂ ಅಂದಾಜು ಮಾಡುತ್ತಾರೆ. ಒಂದು ಗಂಟೆಗಿಂತ ಕಡಿಮೆಯಾದರೆ ಲಘು, ಒಂದು ದಿನದೊಳಗಾದರೆ ಮಧ್ಯಮ, ಒಂದು ವಾರದೊಳಗಾದರೆ ತೀವ್ರ, ಅದನ್ನೂ ಮೀರಿದರೆ ಅತಿ ತೀವ್ರ. ಈ ಅವಧಿ ಮುಗಿಯಿತೇ ಎಂದು ತಿಳಿಯಲು ಹಾರ್ವೆ ಲೆವಿನ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಪ್ರಕಟಿಸಿದ ಗಾಲ್ವೆಸ್ಟನ್ ಪರೀಕ್ಷೆಯಲ್ಲಿ ನೂರು ಅಂಕಗಳಿವೆ. ತಪ್ಪಿಗೆ ಅಂಕ ಕಳೆಯುತ್ತಾ ಹೋಗುತ್ತಾರೆ. 75 ಮತ್ತು ಅದಕ್ಕಿಂತ ಮೇಲಿದ್ದರೆ ಸಾಮಾನ್ಯ. ತಿಂಗಳು ತಪ್ಪಿದರೆ ಒಂದು ತಿಂಗಳಿಗೆ 5ರಂತೆ ಗರಿಷ್ಠ 15, ತಾರೀಕು ತಪ್ಪಿದರೆ ದಿನಕ್ಕೆ ಒಂದರಂತೆ ಗರಿಷ್ಠ 5 ಕಳೆಯಬೇಕು.

ಈಗ ಕಾಸರಗೋಡಿನ ಹಳ್ಳಿಯೊಂದರ ವೃದ್ಧೆಯನ್ನು ಊಹಿಸಿಕೊಳ್ಳೋಣ. ಅಲ್ಲಿಯ ಗಾಯಾಳುಗಳಿಗೆ ಮಂಗಳೂರು ಎಷ್ಟು ಅನಿವಾರ್ಯವೆಂಬುದನ್ನು 2020ರ ವಸಂತದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ದೇಶವೇ ಕಂಡಿತು. ಇದು ಯಾವ ತಿಂಗಳೆಂದು ಕೇಳಿದರೆ ಆಕೆ ‘ಆಟಿ’ ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ಸೌರಮಾಸ ಅದು, ಮಲಯಾಳದ ಕರ್ಕಾಟಕ. ಆಟಿಯ ಎಷ್ಟನೆಯ ದಿನವೆಂಬುದನ್ನೂ ಸರಿಯಾಗಿ ಹೇಳುತ್ತಾರೆ. ಮಂಗಳೂರಿನ ಪರೀಕ್ಷಕರಿಗೆ ಇದು ಗೊತ್ತಿರುತ್ತದೆ. ಆದರೆ ಆಕೆಯನ್ನು ಮುಂದಿನ ಚಿಕಿತ್ಸೆಗೆ ಬೇರೆ ಊರಿಗೆ ಕಳುಹಿಸಿದ್ದರೆ, ಅಲ್ಲಿ ‘ಆಟಿ’ ಎಂಬುದು ಅರ್ಥವಿಲ್ಲದ ಉತ್ತರವಾಗಿ 15 ಹೋಗುತ್ತದೆ, ತಾರೀಕಿನ 5 ಹೋಗುತ್ತದೆ. ಉಳಿಯುವುದು 80. ಇನ್ನು ಆಸ್ಪತ್ರೆಯ ಊರಿನ ಹೆಸರಿಗೆ 5 ಕಳೆದು ಗಡಿಯಾರದ ಹೊತ್ತಿನಲ್ಲಿ ಅರ್ಧ ಗಂಟೆ ಹೆಚ್ಚುಕಡಿಮೆಯಾದರೂ 74. ಆಕೆಯ ವಿಸ್ಮೃತಿ ಇನ್ನೂ ಮುಗಿದಿಲ್ಲವೆಂದು ದಾಖಲೆಯಾಗುತ್ತದೆ. ನಾಳೆಯೂ ಆಕೆ ಆಟಿಯೆಂದೇ ಹೇಳುವುದರಿಂದ ನಾಳೆಯೂ ಹಾಗೆಯೇ. ಕಾಲದ ಅರಿವು ಪೂರ್ತಿ ಉಳಿದಿರುವ ವ್ಯಕ್ತಿ ಪಂಚಾಂಗದ ಕಾರಣದಿಂದ ‘ಅತಿ ತೀವ್ರ’ ವರ್ಗಕ್ಕೆ ಜಾರಬಹುದು.

ಪ್ರಶ್ನೆಯನ್ನು ಕನ್ನಡಕ್ಕೆ ಅನುವಾದಿಸಿಬಿಟ್ಟರೆ ಸಮಸ್ಯೆ ತೀರಿತೆಂದು ಭಾವಿಸುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2001ರ ವರ್ಗೀಕರಣದಲ್ಲಿ ಸಾಮರ್ಥ್ಯ ಮತ್ತು ನಿರ್ವಹಣೆ ಎಂಬ ಎರಡನ್ನು ಬೇರ್ಪಡಿಸಿತು: ವ್ಯಕ್ತಿ ಏನನ್ನು ಮಾಡಬಲ್ಲರು ಎಂಬುದು ಒಂದು, ತಮ್ಮ ಪರಿಸರದಲ್ಲಿ ಏನನ್ನು ಮಾಡುತ್ತಿದ್ದಾರೆ ಎಂಬುದು ಇನ್ನೊಂದು. ಬರೆಹದ ಕನ್ನಡದಲ್ಲಿ ‘ಮಾಡಬಲ್ಲರು’ ಎಂಬ ರೂಪ ಇದಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಆಡುಮಾತಿನಲ್ಲಿ ‘ಬಲ್ಲ’ ಬಹುಮಟ್ಟಿಗೆ ಹಿಂದೆ ಸರಿದು ಆ ಜಾಗದಲ್ಲಿ ‘ಆಗು’ ಧಾತು ಕುಳಿತಿದೆ. ‘ಅಂಗಡಿಗೆ ಹೋಗೋಕಾಗುತ್ತಾ?’ ‘ಆಗಲ್ಲ.’ ಈ ‘ಆಗಲ್ಲ’ದಲ್ಲಿ ಶಕ್ತಿಯಿಲ್ಲ, ಮನಸ್ಸಿಲ್ಲ, ಬಿಡುವಿಲ್ಲ, ಮನೆಯವರು ಬಿಡುವುದಿಲ್ಲ ಎಂಬ ನಾಲ್ಕೂ ಅರ್ಥಗಳಿಗೆ ಎಡೆಯಿದೆ. ಸಾಮಾನ್ಯ ಸಂಭಾಷಣೆಯಲ್ಲಿ ಇದೊಂದು ಸೌಜನ್ಯದ ಅನುಕೂಲ. ಮಿದುಳಿನ ಮುಂಭಾಗಕ್ಕೆ ಗಾಯವಾದವರ ವಿಷಯದಲ್ಲಿ ಮಾತ್ರ ಚಿಕಿತ್ಸಕರು ತಿಳಿಯಬೇಕಾದದ್ದೇ ಈ ಭೇದವನ್ನು. ಹೋಗುವ ಶಕ್ತಿಯಿದ್ದೂ ಹೊರಡುವ ಪ್ರೇರಣೆ ಹುಟ್ಟದಿರುವುದು ಆ ಗಾಯದ ಮುಖ್ಯ ಲಕ್ಷಣಗಳಲ್ಲೊಂದು, ಅದಕ್ಕೆ ಕೊಡುವ ತರಬೇತಿಯೇ ಬೇರೆ. ಹಾಗಾಗಿ ಒಂದು ಇಂಗ್ಲಿಷ್ ಪ್ರಶ್ನೆಗೆ ಒಂದು ಕನ್ನಡ ಪ್ರಶ್ನೆ ಸಾಲದು. ‘ಕಳೆದ ವಾರ ಅಂಗಡಿಗೆ ಹೋಗಿದ್ದರೇ? ಯಾರು ಹೇಳಿದ ಮೇಲೆ ಹೊರಟರು? ಚಿಲ್ಲರೆ ಎಣಿಸಿ ತಂದರೇ?’ ಎಂದು ಮೂರು ಬಾರಿ ಕೇಳಬೇಕಾಗುತ್ತದೆ.

ಉತ್ತರ ಕೊಡುವವರು ಯಾರೆಂಬುದೂ ಮುಖ್ಯ. ತನಗೇನಾಗಿದೆ ಎಂಬ ಅರಿವೇ ಗಾಯದಲ್ಲಿ ಕುಗ್ಗುವುದುಂಟು. ಆಗ ರೋಗಿ ‘ನನಗೇನೂ ಆಗಿಲ್ಲ’ ಎನ್ನುತ್ತಾರೆ, ಅದು ಸುಳ್ಳಲ್ಲ, ಲಕ್ಷಣ. ಮನೆಯವರು ದುಭಾಷಿಗಳಾಗಿ ನಿಂತಾಗ ಇನ್ನೊಂದು ಬಗೆಯ ತೊಡಕು. ರೋಗಿಯ ಚದುರಿದ ಮಾತನ್ನು ಅವರು ಪ್ರೀತಿಯಿಂದ ಜೋಡಿಸಿ, ಒಪ್ಪವಾಗಿ ತಮಿಳಿಗೋ ಮರಾಠಿಗೋ ತಿರುಗಿಸುತ್ತಾರೆ. ಪರೀಕ್ಷಕರು ಕೇಳುವುದು ಮಗಳ ವಾಕ್ಯವನ್ನು, ಅಂಕ ಬೀಳುವುದು ತಂದೆಗೆ.

ಬಹುಭಾಷಿಕರ ಮಿದುಳಿಗೆ ಪೆಟ್ಟು ಬಿದ್ದಾಗ ಯಾವ ಭಾಷೆ ಮೊದಲು ಮರಳುತ್ತದೆಂಬ ಚರ್ಚೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ರಿಬೋ ಮೊದಲು ಕಲಿತದ್ದೇ ಕೊನೆಯವರೆಗೆ ಉಳಿಯುತ್ತದೆಂದರು. ಪಿತ್ರ್ 1895ರಲ್ಲಿ, ಗಾಯದ ಕಾಲಕ್ಕೆ ಹೆಚ್ಚು ಬಳಕೆಯಲ್ಲಿದ್ದುದು ಮೊದಲು ಮರಳುತ್ತದೆಂದರು. ಎರಡಕ್ಕೂ ವಿರುದ್ಧವಾದ ನಿದರ್ಶನಗಳು ಸಿಕ್ಕಿವೆ. ಮಿಷೆಲ್ ಪ್ಯಾರಡಿಸ್ ಈ ವೈವಿಧ್ಯವನ್ನು ವಿಂಗಡಿಸಿ, ಎರಡೂ ಭಾಷೆ ಜೊತೆಜೊತೆಗೆ ಮರಳುವುದು, ಒಂದು ಹೆಚ್ಚು ಒಂದು ಕಡಿಮೆ ಮರಳುವುದು, ಒಂದಾದ ಮೇಲೆ ಒಂದು, ಒಂದು ಬೆಳೆದಂತೆ ಇನ್ನೊಂದು ಕುಗ್ಗುವುದು ಎಂಬ ಮಾದರಿಗಳನ್ನು ಗುರುತಿಸಿದರು. ಅವರ ದ್ವಿಭಾಷಿಕ ವಾಗ್ದೋಷ ಪರೀಕ್ಷೆಗೆ ಕನ್ನಡ ಆವೃತ್ತಿಯೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆ ಅಳವಡಿಸಿದ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ತನ್ನ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯನ್ನು ಹೊರತಂದಿತು. ಆದರೆ ಕೊಂಕಣಿ ಮಾತಾಡುವ ಮನೆಯಿಂದ ಬಂದು ಕನ್ನಡ ಶಾಲೆಯಲ್ಲಿ ಕಲಿತು ಮಲಯಾಳದಲ್ಲಿ ವ್ಯಾಪಾರ ಮಾಡುವವರನ್ನು ಯಾವ ಒಂದು ಆವೃತ್ತಿ ಹಿಡಿದೀತು?

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪಾರ್ಶ್ವವಾಯುವಿನ ನಂತರ ಬರುವಂತೆ ಪದ ಕಳೆದುಹೋಗುವುದಕ್ಕಿಂತ ಮಾತಿನ ನಡೆ ಕೆಡುವುದು ಆಘಾತದಿಂದಾದ ಮಿದುಳಿನ ಗಾಯದಲ್ಲಿ ಹೆಚ್ಚು. ವಿಷಯ ಬಿಟ್ಟು ಹರಿಯುವುದು, ಎದುರಿನವರ ಸರದಿಗೆ ಕಾಯದಿರುವುದು, ಯಾರೊಡನೆ ಯಾವ ಧಾಟಿ ಎಂಬ ಎಚ್ಚರ ತಪ್ಪುವುದು. ಆ ಎಚ್ಚರದ ಒಂದು ಭಾಗವೇ ಯಾರೊಡನೆ ಯಾವ ಭಾಷೆ ಎಂಬುದು. ಭಾಷೆಗಳ ಬೆರಕೆಯನ್ನು ರೋಗಲಕ್ಷಣವೆಂದು ಎಣಿಸಿದರೆ ಹೊಸೂರಿನ ಬಸ್ ನಿಲ್ದಾಣದಲ್ಲಿರುವವರೆಲ್ಲರೂ ರೋಗಿಗಳೇ. ಬೆರೆಸುತ್ತಾರೆಯೇ ಎಂದು ನೋಡುವ ಬದಲು, ತೆಲುಗು ಬಾರದವರ ಮುಂದೆಯೂ ತೆಲುಗಿನಲ್ಲೇ ಮುಂದುವರಿಯುತ್ತಾರೆಯೇ, ಎದುರಿನವರ ಮುಖದಲ್ಲಿ ಅರ್ಥವಾಗದಿರುವುದು ಕಂಡಾಗ ಹೊರಳುತ್ತಾರೆಯೇ ಎಂದು ನೋಡಬೇಕು. ಗಡಿನಾಡಿನವರು ಬಾಲ್ಯದಿಂದ ದಿನಕ್ಕೆ ಹತ್ತು ಬಾರಿ ಮಾಡುವ ಈ ಹೊರಳಾಟ, ನನ್ನ ಅಭಿಪ್ರಾಯದಲ್ಲಿ, ಅವರ ಚೇತರಿಕೆಯನ್ನು ಅಳೆಯಲು ಅತ್ಯಂತ ಸಹಜವಾದ ಒರೆಗಲ್ಲು. ನಾನು ಮೇಲೆ ಹೆಸರಿಸಿದ ಸಾಮಾನ್ಯ ಮಾಪಕಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ.

ಇವೆಲ್ಲ ತಜ್ಞರ ಕೊಠಡಿಯ ಸೂಕ್ಷ್ಮಗಳಾಗಿ ಉಳಿದಿದ್ದರೆ ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿರ್ಧರಿಸುವುದು ಅಸಾಮರ್ಥ್ಯದ ಸಾಕ್ಷ್ಯದ ಆಧಾರದಲ್ಲಿ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಒಂದು ಮಹತ್ತ್ವದ ಭೇದವನ್ನು ಸ್ಪಷ್ಟಪಡಿಸಿತು: ದೇಹದ ಶಾಶ್ವತ ನ್ಯೂನತೆಯ ಶೇಕಡಾವಾರು ಬೇರೆ, ಅದರಿಂದಾದ ಗಳಿಕೆಯ ಶಕ್ತಿಯ ನಷ್ಟ ಬೇರೆ. ಕೈ ಕಳೆದುಕೊಂಡ ಬಡಗಿಗೂ ಗುಮಾಸ್ತರಿಗೂ ನ್ಯೂನತೆ ಒಂದೇ ಆದರೂ ನಷ್ಟ ಒಂದೇ ಅಲ್ಲ. ಮಿದುಳಿನ ಗಾಯಕ್ಕೆ ಈ ತರ್ಕವನ್ನು ಅನ್ವಯಿಸಿದರೆ, ನಾಲ್ಕು ಭಾಷೆಗಳಲ್ಲಿ ಗಿರಾಕಿಗಳನ್ನು ಮಾತಾಡಿಸಿ ಬದುಕುತ್ತಿದ್ದ ಅಂಗಡಿಯವರು ಗಾಯದ ನಂತರ ಒಂದೇ ಭಾಷೆಗೆ ಇಳಿದರೆ ಅವರ ಗಳಿಕೆಯ ಶಕ್ತಿ ಮುಕ್ಕಾಗಿದೆ. ಆದರೆ ಆ ಒಂದು ಭಾಷೆಯಲ್ಲೇ ಪರೀಕ್ಷೆ ನಡೆದಿದ್ದರೆ ದಾಖಲೆಯಲ್ಲಿ ಅವರು ಪೂರ್ಣ ಚೇತರಿಸಿಕೊಂಡವರು. ಇನ್ನೊಂದು ತುದಿಯಲ್ಲಿ ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವಿದೆ. ಅದು ಪಟ್ಟಿಮಾಡಿದ ಇಪ್ಪತ್ತೊಂದು ಅಸಾಮರ್ಥ್ಯಗಳಲ್ಲಿ ಆಘಾತಜನ್ಯ ಮಿದುಳಿನ ಗಾಯಕ್ಕೆ ಪ್ರತ್ಯೇಕ ಹೆಸರಿಲ್ಲ. ಚಲನೆ, ಮಾತು, ಮನಸ್ಸು ಎಂಬ ಬೇರೆಬೇರೆ ಕಂಡಿಗಳಿಂದ ಒಳಹೋಗಬೇಕು, ಮುಖ್ಯ ಸೌಲಭ್ಯಗಳಿಗೆ ಶೇ. 40ರ ಗಡಿ ದಾಟಬೇಕು. ಕೈಕಾಲು ಸರಿಯಿದ್ದು ಮಾತಿನ ನಡೆ ಕೆಟ್ಟವರಿಗೆ ಈ ಗಡಿ ದಾಟುವುದು ಸುಲಭವಲ್ಲ.

ಹೊಸ ಮಾಪಕವೊಂದನ್ನು ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಮಾಪಕಗಳು ಈಗಾಗಲೇ ಬೇಕಾದಷ್ಟಿವೆ. ಇರುವುದರ ಪಕ್ಕದಲ್ಲಿ ಬರೆಯಬೇಕಾದದ್ದು ಕೆಲವೇ ಸಾಲು: ಮನೆಯ ಭಾಷೆ, ಶಾಲೆಯ ಭಾಷೆ ಮತ್ತು ಲಿಪಿ, ದುಡಿಮೆಯ ಭಾಷೆ, ಪರೀಕ್ಷೆ ನಡೆದ ಭಾಷೆ, ದುಭಾಷಿ ಇದ್ದರೆ ಅವರು ಯಾರು. ಜೊತೆಗೆ, ಕಿರೆಸುಕ್ ಮತ್ತು ಶೆರ್ಮನ್ 1968ರಲ್ಲಿ ಮಾನಸಿಕ ಆರೋಗ್ಯ ಕ್ಷೇತ್ರಕ್ಕಾಗಿ ರೂಪಿಸಿದ ಗುರಿ ಸಾಧನೆಯ ಮಾಪನವನ್ನು ಹೆಚ್ಚಾಗಿ ಬಳಸಬಹುದು. ಅದರಲ್ಲಿ ರೋಗಿಗೂ ಮನೆಯವರಿಗೂ ಬೇಕಾದ ಗುರಿಯನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಾರೆ. ನಿರೀಕ್ಷಿಸಿದ್ದು ಸಾಧಿಸಿದರೆ ಸೊನ್ನೆ, ಮೇಲೆ ಹೋದರೆ ಅಧಿಕ 2ರವರೆಗೆ, ಕೆಳಗಾದರೆ ಋಣ 2ರವರೆಗೆ. ಸೊಲ್ಲಾಪುರದ ವಿದ್ಯುತ್ ಮಗ್ಗದ ಕನ್ನಡ ಕೆಲಸಗಾರರೊಬ್ಬರಿಗೆ ಸೊನ್ನೆಯ ಗುರಿ ಹೀಗಿರಬಹುದು: ಪಕ್ಕದ ಮಗ್ಗದ ಪದ್ಮಸಾಳಿ ಜೊತೆಗಾರ ತೆಲುಗಿನಲ್ಲಿ ಹೇಳಿದ್ದನ್ನು ಹಿಡಿದು, ಮೇಸ್ತ್ರಿಗೆ ಮರಾಠಿಯಲ್ಲಿ ತಿಳಿಸಿ, ಮರಳಿ ತನ್ನ ಮಗ್ಗಕ್ಕೆ ಬಂದು ನಿಂತ ಕೆಲಸವನ್ನು ಮುಂದುವರಿಸುವುದು. 126 ಅಂಕಗಳಲ್ಲಿ ಕಾಣದ ಸಂಗತಿ ಇದರಲ್ಲಿ ಕಾಣುತ್ತದೆ. ಬೇರೆಬೇರೆ ರೋಗಿಗಳನ್ನು ಪರಸ್ಪರ ಹೋಲಿಸಲು ಇದು ಬರುವುದಿಲ್ಲ, ಆ ಮಿತಿ ಇದ್ದೇ ಇದೆ.

ಭಾಷಾ ಸಂಶೋಧಕರ ಪಾಲಿನ ಕೆಲಸ ಇನ್ನೂ ಸರಳ. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯಲ್ಲಿ ‘ಈರುಳ್ಳಿ’ಗೆ ಅಕ್ಕಲಕೋಟೆಯವರು ‘ಉಳ್ಳಾಗಡ್ಡಿ’ ಎಂದಾಗ, ಕಾಸರಗೋಡಿನವರು ‘ನೀರುಳ್ಳಿ’ ಎಂದಾಗ ಅದನ್ನು ಸರಿಯುತ್ತರವೆಂದು ಗುರುತಿಸಲು ಪರೀಕ್ಷಕರ ಕೈಯಲ್ಲೊಂದು ಪಟ್ಟಿ ಬೇಕು. ‘ಕಡಲೆಕಾಯಿ’ ಮತ್ತು ‘ಶೇಂಗಾ’ಗಳಿಗೂ ಹಾಗೆಯೇ. ತಿಂಗಳುಗಳಿಗೆ ಇನ್ನೊಂದು ಪಟ್ಟಿ: ಚೈತ್ರ ವೈಶಾಖಗಳ ಎದುರಿಗೆ ತಮಿಳಿನ ಚಿತ್ತಿರೈ, ವೈಗಾಸಿ, ತುಳುವಿನ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ಪ್ರತಿಯೊಂದೂ ಇಂಗ್ಲಿಷ್ ತಾರೀಕಿನಲ್ಲಿ ಎಂದು ಆರಂಭವಾಗಿ ಎಂದು ಮುಗಿಯುತ್ತದೆಂಬ ವಿವರದೊಡನೆ. ಎರಡೂ ಸೇರಿ ನಾಲ್ಕು ಪುಟ ಮೀರಲಾರವು, ಮತ್ತು ವಾರ್ಡಿನ ಗೋಡೆಗೆ ಅಂಟಿಸಲು ಅಷ್ಟೇ ಸಾಕು.